'ಯಾವ ಹಾವು?' ಎಂಬ ಹಳೆಯ ಪ್ರಶ್ನೆ

ಹಿತ್ತಲಿನಲ್ಲಿ ಗುರುತಿಲ್ಲದ ಹಾವೊಂದು ಕಾಣಿಸಿಕೊಂಡಾಗ ನೆರೆದವರ ಬಾಯಿಂದ ಮೊದಲು ಹೊರಡುವ ಮಾತು 'ಯಾವ ಹಾವು?' ಎಂಬುದು. ಉತ್ತರಗಳಿಗೇನೂ ಬರವಿಲ್ಲ. ಒಬ್ಬರಿಗೆ ಅದು ಕೇರೆ, ಇನ್ನೊಬ್ಬರಿಗೆ ನಾಗರ, ಮತ್ತೊಬ್ಬರಿಗೆ ಮಂಡಲ. ತೀರ್ಮಾನವಾಗುವ ಮೊದಲೇ ಹಾವು ಬಣವೆಯೊಳಗೆ ಸೇರಿರುತ್ತದೆ, ಇಲ್ಲವೇ ದೊಣ್ಣೆಯ ಪೆಟ್ಟಿಗೆ ಸಿಕ್ಕಿರುತ್ತದೆ. ಬೆದರಿಕೆಯಿಂದ ಹುಟ್ಟುವ ಈ ಪ್ರಶ್ನೆಗೆ ಬಹು ದೀರ್ಘವಾದ ಚರಿತ್ರೆಯೊಂದಿದೆ. ಆ ಚರಿತ್ರೆಯ ಸಾಕ್ಷ್ಯ ನಮ್ಮ ದಿನನಿತ್ಯದ ಮಾತಿನಲ್ಲಿಯೇ ಉಳಿದುಕೊಂಡಿದೆ.

ಸುಶ್ರುತ ಸಂಹಿತೆಯ ಕಲ್ಪಸ್ಥಾನದಲ್ಲಿ ಎಂಬತ್ತು ಬಗೆಯ ಹಾವುಗಳ ಲೆಕ್ಕವಿದೆ. ಸೌಟಿನಂತಹ ಹೆಡೆಯುಳ್ಳವು ದರ್ವೀಕರಗಳು, ಮೈಮೇಲೆ ಮಂಡಲಾಕಾರದ ಮಚ್ಚೆಗಳುಳ್ಳವು ಮಂಡಲಿಗಳು, ಗೆರೆಗಳುಳ್ಳವು ರಾಜಿಮಂತಗಳು. ಇವಲ್ಲದೆ ನಿರ್ವಿಷಗಳೂ ಮಿಶ್ರಜಾತಿಯವೂ ಉಂಟು. ದರ್ವೀಕರಗಳು ಹಗಲಿನಲ್ಲಿಯೂ ಉಳಿದೆರಡು ಇರುಳಿನಲ್ಲಿಯೂ ಸಂಚರಿಸುತ್ತವೆ ಎಂಬ ಮಾತು ಕಣ್ಣಿಟ್ಟು ನೋಡಿದವರ ಮಾತೇ ಹೊರತು ಬರಿಯ ಕಲ್ಪನೆಯಲ್ಲ. 'ಮಂಡಲಿ' ಎಂಬ ಆ ಶಾಸ್ತ್ರದ ಪದವನ್ನು ನಮ್ಮ ಒಕ್ಕಲಿಗ ಇಂದಿಗೂ ಬಿಟ್ಟಿಲ್ಲ. ಕೊಳಕುಮಂಡಲ, ಗರಗಸಮಂಡಲ ಎನ್ನುವಾಗ ಅವನು ತನಗರಿವಿಲ್ಲದೆಯೇ ಆ ಹಳೆಯ ವರ್ಗೀಕರಣವನ್ನು ಉಚ್ಚರಿಸುತ್ತಾನೆ.

ಕನ್ನಡದಲ್ಲಿ ಈ ವಿದ್ಯೆಗೆ ಒಂದು ಕಾವ್ಯಶಾಸ್ತ್ರವೇ ಇದೆ. ವಿಜಯನಗರದ ಆರಂಭ ಕಾಲದಲ್ಲಿ, ಸುಮಾರು 1360ರ ವೇಳೆಗೆ, ಜೈನಕವಿ ಒಂದನೆಯ ಮಂಗರಾಜನು 'ಖಗೇಂದ್ರಮಣಿದರ್ಪಣ'ವನ್ನು ರಚಿಸಿದನು. ಖಗೇಂದ್ರನೆಂದರೆ ಗರುಡ, ಹಾವುಗಳ ಹಗೆ. ಸ್ಥಾವರ, ಜಂಗಮ ವಿಷಗಳೆರಡನ್ನೂ ಹೇಳುವ ಈ ಗ್ರಂಥದಲ್ಲಿ ಮೂಲಿಕೆಯೂ ಮಂತ್ರವೂ ಒಟ್ಟೊಟ್ಟಿಗೆ ನಡೆಯುತ್ತವೆ. ಮದ್ರಾಸು ವಿಶ್ವವಿದ್ಯಾನಿಲಯವು 1942ರಲ್ಲಿ ಇದನ್ನು ಪ್ರಕಟಿಸಿತು. ಇದನ್ನು ಇಂದು ಚಿಕಿತ್ಸೆಯ ಕೈಪಿಡಿಯೆಂದು ಓದಬೇಕಾಗಿಲ್ಲ. ಆದರೆ ವಿಷದ ಭಯವನ್ನು ಕನ್ನಡದ ಮಾತಿನಲ್ಲಿ ಕಟ್ಟಿ, ತಿಳಿವಳಿಕೆಯಾಗಿ ಮಾಡಲು ಹೊರಟ ಆ ಸಾಹಸವನ್ನು ಮೆಚ್ಚದಿರುವುದು ಸಾಧ್ಯವಿಲ್ಲ.

ಮಂಗರಾಜನಿಂದ ನಾಲ್ಕು ಶತಮಾನ ಕಳೆದ ಮೇಲೆ ಇದೇ ಪ್ರಶ್ನೆಯನ್ನು ಪೂರ್ವ ಕರಾವಳಿಯಲ್ಲಿ ಕೇಳಿದವನು ಪ್ಯಾಟ್ರಿಕ್ ರಸೆಲ್ ಎಂಬ ಸ್ಕಾಟ್ಲೆಂಡಿನ ವೈದ್ಯ. ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗಶಾಸ್ತ್ರಜ್ಞನಾಗಿ ವಿಶಾಖಪಟ್ಟಣದಲ್ಲಿದ್ದ ಅವನಿಗೆ, ವಿಷದ ಹಾವನ್ನು ಸಾಧಾರಣ ಜನರು ಗುರುತಿಸುವ ಬಗೆ ಯಾವುದೆಂಬುದೇ ಚಿಂತೆ. 1796ರಲ್ಲಿ ಲಂಡನ್ನಿನಲ್ಲಿ ಹೊರಬಂದ ಅವನ ಚಿತ್ರಸಹಿತ ಗ್ರಂಥದಲ್ಲಿ ಹಾವುಗಳಿಗೆ ಕೊಟ್ಟಿರುವ ಹೆಸರುಗಳು ಬಹುಮಟ್ಟಿಗೆ ಆ ನೆಲದ ತೆಲುಗು ಜನರವು. ಕೊಳಕುಮಂಡಲವನ್ನು ಅವನು 'ಕಾಟುಕ ರೇಕುಲ ಪೊಡ' ಎಂದೇ ಬರೆದನು. ಹಳದಿ ಪಟ್ಟೆಗಳ ಒಂದು ಹಾವನ್ನು 'ಬಂಗಾರು ಪಾಮು' ಎಂದನು. 1803ರಲ್ಲಿ ಫ್ರಾನ್ಸಿನ ದೋದೆನ್ ಅದರಿಂದಲೇ 'ಬಂಗಾರಸ್' ಎಂಬ ಕುಲನಾಮವನ್ನು ಕಟ್ಟಿದನು. ನಮ್ಮ ಕಟ್ಟುಹಾವು ಸೇರಿರುವುದು ಈ ಕುಲಕ್ಕೇ. ತೆಲುಗು ಮನೆಮಾತಾಗಿರುವ ನಮ್ಮ ಪಾವಗಡದ ಕಡೆಯ ರೈತನಿಗೆ ಪರಿಚಿತವಾದ ಪದವೇ ಹೀಗೆ ಜಗತ್ತಿನ ಶಾಸ್ತ್ರಗ್ರಂಥಗಳನ್ನೆಲ್ಲ ಸುತ್ತಿ ಬಂದಿದೆ. ಹಾವನ್ನು ಹಿಡಿದು ತಂದವರ ಹೆಸರು ಮಾತ್ರ ಎಲ್ಲಿಯೂ ಉಳಿಯಲಿಲ್ಲ. ಕೊಳಕುಮಂಡಲಕ್ಕೆ ಅಂಟಿಕೊಂಡದ್ದು ರಸೆಲನ ಹೆಸರು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೇನೆಯ ವೈದ್ಯ ಫ್ರಾಂಕ್ ವಾಲ್ ಈ ಕೆಲಸವನ್ನು ಮುಂದುವರಿಸಿದನು. ಬಣ್ಣವನ್ನು ನಂಬದಿರಿ, ಹುರುಪೆಗಳನ್ನು ನೋಡಿರಿ ಎಂಬುದು ಅವನ ಸೂತ್ರ. ಕಟ್ಟುಹಾವಿನ ಬೆನ್ನಿನ ನಡುಸಾಲಿನ ಹುರುಪೆಗಳು ಅಕ್ಕಪಕ್ಕದವುಗಳಿಗಿಂತ ದೊಡ್ಡವಾಗಿ ಆರು ಮೂಲೆಗಳಾಗಿರುತ್ತವೆ. ಆದರೆ ಅದನ್ನು ಎಣಿಸಬೇಕಾದರೆ ಹಾವು ಸತ್ತಿರಬೇಕು. ಬದುಕಿರುವ ಹಾವನ್ನು ದೂರದಿಂದ ನೋಡುವವನಿಗೆ ಬೇರೆ ಗುರುತುಗಳು ಬೇಕು.

ಶಿರಾ ತಾಲ್ಲೂಕಿನ ನಮ್ಮ ತಾವರೆಕೆರೆಯಂತಹ ಬಯಲುಸೀಮೆಯ ಊರುಗಳಲ್ಲಿ ಹೆಚ್ಚಿನ ಗಲಿಬಿಲಿ ಎರಡು ಜೋಡಿಗಳಲ್ಲಿ. ಗೋಡೆ ಹತ್ತಿ ಹಲ್ಲಿ ಹಿಡಿಯುವ ತೋಳದ ಹಾವು ನಿರ್ವಿಷ. ಅದರ ಕಂದುಮೈಯ ಬಿಳಿಪಟ್ಟೆಗಳು ಕತ್ತಿನ ಬಳಿ ಸ್ಪಷ್ಟವಾಗಿ, ಬಾಲದ ಕಡೆಗೆ ಮಾಸುತ್ತವೆ. ಕಟ್ಟುಹಾವಿನಲ್ಲಿ ಇದಕ್ಕೆ ವಿಪರೀತ: ಹೊಳೆಯುವ ಕಪ್ಪುಮೈ, ಮುಂಭಾಗದಲ್ಲಿ ಅಸ್ಪಷ್ಟವಾಗಿ ಹಿಂದೆ ತಿಳಿಯಾಗುವ ಸಣ್ಣ ಪಟ್ಟೆಗಳು. ಹಾಗೆಯೇ ಮೋಟು ಬಾಲದ ಮಣ್ಣುಮುಕ್ಕ ಹಾವಿನ ಮಚ್ಚೆಗಳು ಒಂದಕ್ಕೊಂದು ಕಲಸಿಕೊಂಡಿರುತ್ತವೆ. ಕೊಳಕುಮಂಡಲದವು ಸರಪಣಿಯಂತೆ ಮೂರು ಸಾಲಾಗಿ ಕ್ರಮವಾಗಿರುತ್ತವೆ. ಈ ಭೇದ ತಿಳಿಯದೆ ಎಷ್ಟೋ ನಿರಪರಾಧಿಗಳು ದೊಣ್ಣೆಗೆ ಬಲಿಯಾಗುತ್ತವೆ. ಅದಕ್ಕಿಂತ ಅಪಾಯಕರವಾದದ್ದು, ಕಟ್ಟುಹಾವನ್ನು ಸಾಧುವೆಂದು ಮುಟ್ಟುವುದು. ಅದರ ಕಡಿತದಲ್ಲಿ ನೋವು ಅತ್ಯಲ್ಪ. ಮಲಗಿದವನಿಗೆ ಎಚ್ಚರವೇ ಆಗದಿರಬಹುದು. ಅನುಮಾನವಿದ್ದಲ್ಲಿ ದೂರ ನಿಲ್ಲುವುದೇ ಜಾಣತನ.

ಕಚ್ಚಿದ ಮೇಲಾದರೋ ಈ ಪ್ರಶ್ನೆಯ ಸ್ವರೂಪವೇ ಬದಲಾಗಿದೆ. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಇದಕ್ಕೆ ಬೇಕಾದ ವಿಷದ ಬಹುಭಾಗವನ್ನು ತೆಗೆದುಕೊಡುವವರು, 1978ರಲ್ಲಿ ತಮಿಳುನಾಡಿನಲ್ಲಿ ಸಹಕಾರ ಸಂಘ ಕಟ್ಟಿಕೊಂಡ ಇರುಳರು. ಹಾವಿನ ಜಾಡನ್ನು ನೆಲದ ಮೇಲೆ ಓದಬಲ್ಲ ಜನ. ಮಲೆನಾಡಿನ ಕೆಲವು ಗುಳಿಮಂಡಲಗಳ ವಿಷಕ್ಕೆ ಈ ಮದ್ದು ನಾಟದೆಂಬುದು ನಿಜ. ಆದರೂ ವೈದ್ಯರು ನೋಡುವುದು ರೋಗಿಯ ಲಕ್ಷಣಗಳನ್ನು. ಹಾವನ್ನು ಹುಡುಕಿ, ಕೊಂದು, ಹೊತ್ತು ತರುವಲ್ಲಿ ಕಳೆಯುವ ಗಳಿಗೆ ರೋಗಿಯದು. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವುಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ವಿಷಯವೆಂದು ಘೋಷಿಸಿತು. ಹೀಗೆ ವರದಿ ಬಂದಲ್ಲದೆ ಯಾವ ಊರಿಗೆ ಎಷ್ಟು ಮದ್ದು ಬೇಕೆಂಬುದು ತಿಳಿಯದು.

ಹಾಗಾದರೆ ಹೆಸರು ಕಲಿಯುವುದರಿಂದ ಫಲವೇನು? ಫಲವೆಲ್ಲ ಕಡಿತಕ್ಕೆ ಮುಂಚಿನದು. ಹೆಸರು ಬಲ್ಲವನಿಗೆ ರಾತ್ರಿ ನೆಲದ ಮೇಲೆ ಮಲಗಬಾರದೇಕೆ, ಸೌದೆಯ ರಾಶಿಗೆ ಕೈ ಹಾಕಬಾರದೇಕೆ ಎಂಬುದು ಗೊತ್ತಿರುತ್ತದೆ. ಇಲಿ ತಿನ್ನುವ ಕೇರೆಯನ್ನು ಅವನು ಹೊಡೆಯುವುದಿಲ್ಲ. ಮಂಗರಾಜನೂ ರಸೆಲನೂ ಬಯಸಿದ್ದು ಇಂತಹ ವಿವೇಕವನ್ನೇ. ಹಿರಿಯರು ಹಾವಿಗಿಟ್ಟ ಹೆಸರುಗಳನ್ನು ನಮ್ಮ ಮಕ್ಕಳು ಮರೆತರೆ, ಆ ಹೆಸರುಗಳೊಳಗೆ ಕೂಡಿಟ್ಟ ಎಚ್ಚರವೂ ಅವುಗಳೊಡನೆಯೇ ಹೋಗುತ್ತದೆ.