ಒಂದು ಕಲ್ಲಿಗೆ ಎಷ್ಟು ನಂಬರು?

ನಮ್ಮ ಹವ್ಯಾಸಿ ತಂಡದ ಶಾಸನಪಟ್ಟಿಯಲ್ಲಿ ಒಂದು ಸಾಲು ಕೆಂಪು ಬಣ್ಣದಲ್ಲಿದೆ. ಹಾಸನ ಜಿಲ್ಲೆಯ ಒಂದು ಹಳ್ಳಿಯ ವೀರಗಲ್ಲು ಅದು. ಅದರ ನಂಬರನ್ನು ಒಬ್ಬರು ಹಳೆಯ ಎಪಿಗ್ರಾಫಿಯಾ ಕರ್ನಾಟಿಕಾ ನೋಡಿ ಬರೆದಿದ್ದರು. ಇನ್ನೊಬ್ಬರು ಪರಿಷ್ಕೃತ ಆವೃತ್ತಿ ನೋಡಿ, ಅದೇ ತಾಲ್ಲೂಕಿನ ಬೇರೊಂದು ಕಲ್ಲಿಗೆ ಅದೇ ನಂಬರು ಹಾಕಿದ್ದರು. ಎರಡೂ ಒಂದೇ ಅಂದ್ಕೊಂಡು ಒಂದು ಸಾಲನ್ನು ಅಳಿಸಿದವನು ನಾನೇ. ಆಮೇಲೆ ಆ ಹಳ್ಳಿಯಲ್ಲಿ ರಸ್ತೆ ಅಗಲ ಮಾಡ್ತಾರೆ ಅನ್ನೋ ಸುದ್ದಿ ಬಂತು. ಪಟ್ಟಿಯಲ್ಲಿ ಹುಡುಕಿದರೆ ಅಲ್ಲಿ ಶಾಸನವೇ ಇಲ್ಲ! ಹಾಗಾಗಿ ಯಾರೂ ಹೋಗಲಿಲ್ಲ. ಈಗ ಆ ಜಾಗದಲ್ಲಿ ಮೋರಿ ಇದೆ.

ತಪ್ಪು ರೈಸ್ ಅವರದಲ್ಲ. ಬಿ.ಎಲ್. ರೈಸ್ 1886ರಿಂದ 1905ರ ನಡುವೆ 12 ಸಂಪುಟಗಳಲ್ಲಿ ಸುಮಾರು 9 ಸಾವಿರ ಶಾಸನ ಪ್ರಕಟಿಸಿದರು. ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ, ಇಷ್ಟೇ ಅವರ ಕ್ರಮ. ಶಿಕಾರಿಪುರ 176 ಅಂದರೆ ತಾಳಗುಂದದ ಸ್ತಂಭಶಾಸನ. ಕ್ಷೇತ್ರಕ್ಕೆ ಹೋಗುವವನಿಗೆ ಇದಕ್ಕಿಂತ ಸುಲಭದ ವಿಳಾಸ ಬೇಕೇ? ಮದ್ರಾಸಿನ ವಾರ್ಷಿಕ ವರದಿಗಳ ಕ್ರಮ ಬೇರೆ. ಅಲ್ಲಿ ವರ್ಷ, ಆ ವರ್ಷದ ಕ್ರಮಸಂಖ್ಯೆ. ನೋಡಿದರೆ ಊರು ಯಾವುದೆಂದು ತಿಳಿಯದು, ಆದರೆ ಜಿಲ್ಲೆಯ ಗಡಿ ಬದಲಾದರೂ ಆ ಸಂಖ್ಯೆಗೆ ಏನೂ ಆಗದು.

ನಮ್ಮಲ್ಲಿ ಗಡಿಗಳೂ ಬದಲಾದವು, ಸಂಪುಟಗಳೂ ಬದಲಾದವು. ರೈಸ್ ಅವರ 6ನೇ ಸಂಪುಟ ಕಡೂರು ಜಿಲ್ಲೆಯದು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆಯ ಪರಿಷ್ಕೃತ 6ನೇ ಸಂಪುಟ ತೆರೆದರೆ ಸಿಗುವುದು ಶ್ರೀರಂಗಪಟ್ಟಣ, ಪಾಂಡವಪುರ! ಬರೀ "ಎ.ಕ. 6" ಅಂತ ಬರೆದರೆ ದೇವರೇ ಗತಿ.

ಶ್ರವಣಬೆಳಗೊಳದ್ದು ಇನ್ನೂ ದೊಡ್ಡ ಕಥೆ. 1889ರ ಆವೃತ್ತಿಯಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿದಾಗ 500 ಆದವು, 1973ರ ಹೊತ್ತಿಗೆ 573. ಹೊಸ ಶಾಸನಗಳನ್ನು ಕೊನೆಗೆ ಸೇರಿಸಿ ಸುಮ್ಮನಾಗಲಿಲ್ಲ, ನಂಬರುಗಳನ್ನೇ ಹೊಸದಾಗಿ ಹಾಕಿದರು. 1129ರ ಮಲ್ಲಿಷೇಣ ಪ್ರಶಸ್ತಿ ರೈಸ್ ಅವರಲ್ಲಿ 54, ನರಸಿಂಹಾಚಾರ್ಯರಲ್ಲಿ 67. ಹೀರಾಲಾಲ್ ಜೈನ್ ಅವರು ಜೈನ ಶಿಲಾಲೇಖ ಸಂಗ್ರಹದಲ್ಲಿ ಎರಡನ್ನೂ ಒಟ್ಟಿಗೆ, 54 (67) ಎಂದೇ ಕೊಟ್ಟಿದ್ದಾರೆ. ಆ ಕಂಸದ ಬೆಲೆ ನನಗೆ ಗೊತ್ತಾಗಿದ್ದು ತಡವಾಗಿ. ಆಫೀಸಿನಲ್ಲಿ ಡ್ರಾಯಿಂಗಿಗೆ ರಿವಿಷನ್ ನಂಬರ್ ಇಲ್ಲದಿದ್ದರೆ ಗಲಾಟೆ ಮಾಡುವ ನಾನು, ಭಾನುವಾರ ಶಾಸನದ ಬೆನ್ನು ಹತ್ತಿದಾಗ ಅದನ್ನು ಮರೆತಿದ್ದೆ.

ಈಗ ನಮ್ಮ ಪಟ್ಟಿಯಲ್ಲಿ ಪ್ರತಿ ಕಲ್ಲಿಗೂ ನಮ್ಮದೇ ಒಂದು ಸಂಖ್ಯೆ ಇದೆ. ಅದರಲ್ಲಿ ತಾಲ್ಲೂಕು, ಕಾಲ, ರಾಜವಂಶ ಯಾವುದರ ಸುಳಿವೂ ಇಲ್ಲ, ಬೇಕಂತಲೇ. ರೈಸ್ ಸಂಖ್ಯೆ, ಪರಿಷ್ಕೃತ ಆವೃತ್ತಿಯ ಸಂಖ್ಯೆ, ಮೈಸೂರು ಪುರಾತತ್ವ ವರದಿಯ ವರ್ಷ ಇವಕ್ಕೆಲ್ಲ ಬೇರೆಬೇರೆ ಕಾಲಂ. ಫೋಟೋ, ಪಡಿಯಚ್ಚು, ಜಿಪಿಎಸ್ ಎಲ್ಲದರ ಫೈಲ್ ಹೆಸರೂ ನಮ್ಮ ಸಂಖ್ಯೆಯಿಂದಲೇ ಶುರು. ಒಬ್ಬರ ಓದನ್ನು ಇನ್ನೊಬ್ಬರು ತಿದ್ದುವಂತಿಲ್ಲ. ಕೆಳಗೆ ತಮ್ಮ ಪಾಠವನ್ನು ಹೆಸರು, ತಾರೀಖು ಹಾಕಿ ಸೇರಿಸಬೇಕು. ಸಾಲು ಅಳಿಸುವ ಅಧಿಕಾರ ಯಾರಿಗೂ ಇಲ್ಲ, ನನಗಂತೂ ಇಲ್ಲವೇ ಇಲ್ಲ.

ಆ ವೀರಗಲ್ಲಿನ ಸಾಲನ್ನು ಹಳೆಯ ಬ್ಯಾಕಪ್‌ನಿಂದ ವಾಪಸ್ ತಂದು ಹಾಕಿದ್ದೇವೆ. ಫೋಟೋ ಕಾಲಂ ಖಾಲಿಯಿದೆ. ಆ ಹಳ್ಳಿಯ ಕಡೆಯವರು ಯಾರಾದರೂ ಮೊದಲೇ ತೆಗೆದಿಟ್ಟ ಫೋಟೋ ಇದ್ದರೆ, ದಯವಿಟ್ಟು ಕಳಿಸಿಕೊಡಿ.