ಮನಿಯವರ ಬಿಲ್ಲಾ

ನಮ್ಮ ತವರಮನಿ ದೇವರ ಜಗಲಿ ಮ್ಯಾಲೆ ಒಂದು ಸಣ್ಣ ಹಿತ್ತಾಳಿ ಬಿಲ್ಲಾ ಐತಿ, ನೀವೆಲ್ಲಾ ನೋಡೀರಿ. ಖಂಡೇನವಮಿಗೆ ಅದಕ್ಕ ಹುಣಸಿಹಣ್ಣು ಹಚ್ಚಿ ತಿಕ್ಕಿ ಕುಂಕುಮ ಇಡೋದು ಮುತ್ತಜ್ಜಿ ಕಾಲದಿಂದ ನಡಕೊಂಡು ಬಂದೈತಿ. ಎರಡನೇ ಮಹಾಯುದ್ಧದಾಗ ಅಜ್ಜ ಹಾಕ್ಕೊಂಡಿದ್ದು ಅಂತ ಎಲ್ಲಾರೂ ಹೇಳತಿದ್ವಿ. ಈ ಸಲ ಚಾಳೀಸು ಹಾಕ್ಕೊಂಡು ಸರಿಯಾಗಿ ನೋಡಿದೆ.

ಇಂಥಾ ಬಿಲ್ಲಾ ಸಿಕ್ಕರ ಮೊದಲು ಅದರ ನೆತ್ತಿ ನೋಡಬೇಕು. ಅಶೋಕನ ಸಿಂಹ ಇದ್ದರ 1950ರ ಜನವರಿ 26ರ ಮ್ಯಾಲಿಂದು. ಕಿರೀಟ ಇದ್ದರ ಇಂಗ್ಲಿಷರ ಕಾಲದ್ದು. ಅದರಾಗೂ ಕಿರೀಟದ ಕಮಾನು ನಡುವ ತಗ್ಗಾಗಿದ್ದರ ವಿಕ್ಟೋರಿಯಾ ರಾಣಿದು, ಗುಮ್ಮಟದಂಗ ಗುಂಡಗಿದ್ದರ 1901ರ ನಂತರದ ರಾಜರದು. ನಮ್ಮದು ತಿಕ್ಕಿ ತಿಕ್ಕಿ ಸವದೈತಿ, ಆದ್ರ ಅಂಚು ಗುಂಡಗ ಕಾಣತೈತಿ. ಕೆಳಗ ಕಹಳಿ, ಅದು ಲೈಟ್ ಇನ್‌ಫಂಟ್ರಿ ಗುರ್ತು. ಕಹಳಿ ದಾರದ ನಡುವ ಅಂಕಿ: 110.

ಅಂಕಿ ನೋಡಿ ಎದಿ ಝಲ್ಲಂತು. 1922ರಾಗ ಹಳೇ ಮರಾಠಾ ಪಲ್ಟಣ ಕೂಡಿಸಿ 5ನೇ ಮರಾಠಾ ಲೈಟ್ ಇನ್‌ಫಂಟ್ರಿ ಮಾಡಿದ್ರು, ನಮ್ಮ ಬೆಳಗಾವಿ ಕೇಂದ್ರ ಅದರದ್ದ. ಅಜ್ಜ ಸೇರೋ ಹೊತ್ತಿಗೆ 110 ಅನ್ನೋ ಅಂಕಿನ ಹೋಗಿತ್ತು. ಅಂದಮ್ಯಾಲೆ ಇದು ಅಜ್ಜಂದಲ್ಲ. ಬಸರಾಕ್ಕ ಹೋಗಿ ತಿರುಗಿ ಬರದ ಅವರಪ್ಪಂದು, ನಮ್ಮ ಮುತ್ತಜ್ಜಂದು.

ಈಗಿನ ಇರಾಕಿನ ಕುತ್ ಊರಾಗ 1915ರ ಡಿಸೆಂಬರಿನಿಂದ ತುರ್ಕಿ ಸೈನ್ಯ ಮುತ್ತಿಗಿ ಹಾಕಿತ್ತು. ಒಳಗ ಸಿಕ್ಕವರಾಗ 103, 110, 117ನೇ ಮರಾಠಾ ಪಲ್ಟಣನೂ ಇದ್ದವು. ಕಾಳು ತೀರಿ ಕುದುರಿ ಕೊಯ್ಯೋ ಹೊತ್ತು ಬಂತು. 1916ರ ಏಪ್ರಿಲ್ 29ಕ್ಕ ಶರಣಾದ್ರು. ಸೆರಿ ಸಿಕ್ಕವರನ್ನ ಮರುಭೂಮಿಯಾಗ ನಡಸಿಕೊಂಡು ಹೋದ್ರು, ಭಾಳ ಮಂದಿ ದಾರಿಯೊಳಗ ಸತ್ತರು.

ಬಿಲ್ಲಾ ಯಾರದು ಅಂತ ಕೇಳಿದ್ರ ಮುತ್ತಜ್ಜಿ "ಮನಿಯವರದ್ದು" ಅಂತಿದ್ದಳಂತ. ನಾವು ಮನಿ ಮಂದೀದು ಅಂತ ತಿಳಕೊಂಡ್ವಿ. ಗಂಡನ ಹೆಸರು ಬಾಯಾಗ ತರದ ಹೆಣಮಗಳು, ಇನ್ನ ಹ್ಯಾಂಗ ಹೇಳಬೇಕಿತ್ತು?

ಕಾಲರಿನ ಬಿಲ್ಲಾ ಎದುರುಬದರು ಮುಖ ಮಾಡಿ ಜೋಡಿ ಇರತಾವ. ನಮ್ಮಲ್ಲಿ ಒಂದ ಐತಿ.

ಅಕ್ಕಾರ, ವೈನಿಯಾರ, ನಿಮ್ಮ ಟ್ರಂಕಿನಾಗ ಇಂಥಾದ್ದು ಇದ್ದರ ಹುಣಸಿಹಣ್ಣು ಹಚ್ಚಬ್ಯಾಡ್ರಿ. ಒಣ ಅರಿವಿಲೆ ಒರಸಿ ಇಡ್ರಿ. ಹೊಳಪು ಬರತೈತಿ, ಗುರ್ತು ಹೋಗತೈತಿ. ನಮ್ಮ ಮನ್ಯಾಗ ಇನ್ನ ಖಂಡೇನವಮಿಗೆ ಬರೇ ಕುಂಕುಮ.