ಹೆಬ್ಬೆಟ್ಟು ಮತ್ತು ತಂಬ್ಸಪ್

'ಅವನದೇನ್ ಬಿಡ್ರೀ, ಹೆಬ್ಬೆಟ್ಟು' ಎಂದರೆ ಮುಗಿಯಿತು. ಓದುಬರಹ ಬಾರದು, ಆದ್ದರಿಂದ ಮಾತಿಗೂ ತೂಕವಿಲ್ಲ ಎಂದು ಒಂದೇ ಪದದಲ್ಲಿ ತೀರ್ಪು. ಕಿರುಬೆರಳಿಗಾಗಲಿ ಉಂಗುರದ ಬೆರಳಿಗಾಗಲಿ ಬೈಗುಳವಾಗುವ ಯೋಗ ಬರಲಿಲ್ಲ. ಓದುಬಾರದ ಹೆಂಗಸು ರಾಜಕೀಯಕ್ಕಿಳಿಯುವ ಕತೆಯ ಸಿನಿಮಾಕ್ಕೂ 'ಹೆಬ್ಬೆಟ್ ರಾಮಕ್ಕ' ಎಂದೇ ಹೆಸರಿಟ್ಟರು.

ಈಗ ಹೆಬ್ಬೆಟ್ಟು ಒತ್ತದವರು ಯಾರು? 2010ರಲ್ಲಿ ಯೂನಿಕೋಡ್ ಸೇರಿದ, ಹೆಬ್ಬೆಟ್ಟೆತ್ತಿದ ಆ ಹಳದಿ ಇಮೋಜಿಯನ್ನು ಪ್ರೊಫೆಸರರೂ ಒತ್ತುತ್ತಾರೆ, ವಕೀಲರೂ ಒತ್ತುತ್ತಾರೆ, ಅದೂ ಹೆಬ್ಬೆಟ್ಟಿನಿಂದಲೇ. ತಮಾಷೆಗಾದರೆ ಸಾಧು ಕೋಕಿಲ ಮುಖದ ಸ್ಟಿಕ್ಕರ್ ಇದೆ. ಕೆಲಸದ ಮಾತಿಗೆ ಇದೊಂದೇ. ಆದರೆ ಇದನ್ನು ಯಾರೂ ಹೆಬ್ಬೆಟ್ಟು ಅನ್ನುವುದಿಲ್ಲ, 'ತಂಬ್ಸಪ್ ಹಾಕಿದೀನಿ ನೋಡಿ' ಅನ್ನುತ್ತಾರೆ. ರೇಷನ್ ಅಂಗಡಿಯಲ್ಲೂ ಈಗ ಕೊಡುವುದು 'ತಂಬ್'. ಮರ್ಯಾದೆ ಬಂದದ್ದು ಬೆರಳಿಗೆ, ಪದಕ್ಕಲ್ಲ.

ಈ ತಂಬ್ಸಪ್ಪಿನ ಅರ್ಥವೇನು ಎಂದು ಕೇಳಿದರೆ ತಕರಾರು ಶುರು. ನನಗೆ ಅದು ನಮ್ಮ 'ಹೂಂ'ಗೆ ತೀರಾ ಹತ್ತಿರ. ಅಜ್ಜಿ ಕತೆ ಹೇಳುವಾಗ ಮೊಮ್ಮಗ ಹೂಂಗುಟ್ಟುತ್ತಾನಲ್ಲ, ರಾಕ್ಷಸ ರಾಜಕುಮಾರಿಯನ್ನು ಹೊತ್ತುಕೊಂಡು ಹೋದ ಎಂದಾಗಲೂ ಹೂಂ. ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳು ಎಂದಷ್ಟೇ ಅದರ ಅರ್ಥ. ರಾಕ್ಷಸನಿಗೆ ಅವನ ಒಪ್ಪಿಗೆಯೇನಿಲ್ಲ. ಇದೇ 'ಹೂಂ' ಹೆಣ್ಣು ನೋಡುವ ಶಾಸ್ತ್ರದಲ್ಲಿ ಬಂದರೆ ಮಾತ್ರ ಮದುವೆಯೇ ಗೊತ್ತಾಗಿಬಿಡುತ್ತದೆ. ದನಿ ಕೇಳಿದರೆ ಯಾವ ಹೂಂ ಎಂದು ತಿಳಿಯುತ್ತದೆ. ಹಳದಿ ಬೆರಳಿಗೆ ದನಿಯಿಲ್ಲ.

ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಈ ಜಗಳ ಕೋರ್ಟಿಗೇ ಹೋಯಿತು. 2021ರ ಮಾರ್ಚಿನಲ್ಲಿ ಧಾನ್ಯ ಕೊಳ್ಳುವ ಕಂಪನಿಯವನೊಬ್ಬ ಅಗಸೆ ಖರೀದಿಯ ಕರಾರುಪತ್ರಕ್ಕೆ ಸಹಿ ಹಾಕಿ, ಫೋಟೋ ತೆಗೆದು, ಖಚಿತಪಡಿಸಿ ಎಂದು ರೈತನಿಗೆ ಕಳಿಸಿದ. ರೈತ ತಂಬ್ಸಪ್ ಹಾಕಿದ. ನವೆಂಬರಿನಲ್ಲಿ ಕೊಡಬೇಕಿದ್ದ ಅಗಸೆ ಬರಲಿಲ್ಲ. ಅಷ್ಟರಲ್ಲಿ ಬೆಲೆ ದುಪ್ಪಟ್ಟಿಗೂ ಮೇಲೇರಿತ್ತು. ಕಾಗದ ತಲುಪಿತು ಅಂದೆ ಅಷ್ಟೆ ಎಂದು ರೈತನ ವಾದ, ಒಪ್ಪಿಕೊಂಡಿದ್ದೀಯ ಎಂದು ಕಂಪನಿಯ ವಾದ. ಹಿಂದೆಯೂ ಈ ರೈತ 'ಓಕೆ', 'ಹೂಂ' ಎಂಬಂಥ ಚುಟುಕು ಉತ್ತರ ಕೊಟ್ಟೇ ವ್ಯವಹಾರ ಮಾಡಿದ್ದನ್ನು ನ್ಯಾಯಾಧೀಶರು ಗಮನಿಸಿದರು. 2023ರಲ್ಲಿ ಇಮೋಜಿಯನ್ನೇ ಸಹಿ ಎಂದು ಎಣಿಸಿ, ಸುಮಾರು 82,000 ಕೆನಡಾ ಡಾಲರ್ ಕಟ್ಟಿಸಿದರು. ಮೇಲ್ಮನವಿಯಲ್ಲೂ ರೈತ ಗೆಲ್ಲಲಿಲ್ಲ.

ಕರಾರಿಗೆ ಸಹಿಯ ಬದಲು ಕೈಗುರುತು ಎಂಬುದು ನಮಗೇನೂ ಹೊಸತಲ್ಲ. 1858ರಲ್ಲಿ ಬಂಗಾಳದ ಹೂಗ್ಲಿ ಕಡೆ ವಿಲಿಯಂ ಹರ್ಷಲ್ ಎಂಬ ಬ್ರಿಟಿಷ್ ಅಧಿಕಾರಿ, ರಸ್ತೆ ಸಾಮಗ್ರಿಯ ಗುತ್ತಿಗೆದಾರನಿಂದ ಕರಾರಿನ ಮೇಲೆ ಇಡೀ ಅಂಗೈಯನ್ನೇ ಒತ್ತಿಸಿಕೊಂಡಿದ್ದ, ನಾಳೆ ಇದು ನನ್ನ ಸಹಿಯಲ್ಲ ಎಂದು ಜಾರಿಕೊಳ್ಳಬಾರದೆಂದು. ನಮ್ಮ ಹಳೆಯ ಪತ್ರಗಳಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತಿನ ಜೊತೆ, ಬರೆದವನ ಬಿಕ್ಕಲಂ, ಸಾಕ್ಷಿಗಳ ರುಜು, ಪತ್ರವನ್ನು ಓದಿಸಿ ಕೇಳಿ ಒಪ್ಪಿದ್ದೇನೆ ಎಂಬ ಒಕ್ಕಣೆ ಇರುತ್ತಿದ್ದವು. ಇಷ್ಟಿದ್ದೂ ಮೋಸ ನಡೆದಿದೆ. 'ಹೆಬ್ಬೆಟ್ಟು ಒತ್ತಿಸಿಕೊಂಡ್ರು' ಎಂಬ ಮಾತಿನಲ್ಲೇ ಯಾರೋ ಜಮೀನು ಕಳೆದುಕೊಂಡ ವಾಸನೆಯಿದೆ. ಆದರೂ ಓದಲು ಬಾರದವನಿಗೆ ಒತ್ತುವ ಮೊದಲು ಯಾರಾದರೂ ಓದಿ ಹೇಳಬೇಕೆಂಬ ನಿಯಮವಾದರೂ ಇತ್ತು. ನಾವು ಓದಲು ಬಲ್ಲವರು, ಓದದೆಯೇ ಒತ್ತುತ್ತೇವೆ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಮಾರುದ್ದದ ನೋಟಿಸು ಬಿದ್ದ ಅರೆಗಳಿಗೆಯಲ್ಲಿ ಸಾಲುಸಾಲು ಹೆಬ್ಬೆಟ್ಟು. ಮೆಂಟೆನೆನ್ಸ್ ಏರಿದೆ ಎಂಬುದು ಅದರ ಕೊನೆಯ ಸಾಲಿನಲ್ಲಿರುತ್ತದೆ.

ಇದನ್ನೆಲ್ಲ ತಿಳಿದ ಮೇಲೆ, ದುಡ್ಡಿನ ವಿಷಯ ಬಂದಾಗ ನಾನು 'ನೋಡಿದೆ, ನಾಳೆ ಹೇಳ್ತೀನಿ' ಎಂದು ಅಕ್ಷರದಲ್ಲೇ ಬರೆಯುತ್ತೇನೆ. ಅದಕ್ಕೆ ಆ ಕಡೆಯವರು ತಂಬ್ಸಪ್ ಹಾಕುತ್ತಾರೆ.